ಉಡುಗೊರೆಯ ಒಳಮೈ

ಕಳೆದ ಆಷಾಢದ ಒಂದು ಮಧ್ಯಾಹ್ನ, ಜಡಿಮಳೆಯ ನಡುವೆಯೇ, ಭದ್ರಾವತಿಯಿಂದ ಒಬ್ಬ ತಾಯಿಯವರು ಶಿವಮೊಗ್ಗದ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು 68. ನಾಡಿ ತೋರಿಸಲು ಕೈ ಚಾಚಲಿಲ್ಲ. ಕೈಚೀಲದಿಂದ ಮಡಿಸಿದ ಎರಡು ಹಳೆಯ ಸೀರೆಗಳನ್ನೂ ಒಂದು ಖಾಕಿ ಅಂಗಿಯನ್ನೂ ತೆಗೆದು ಮೇಜಿನ ಮೇಲಿಟ್ಟರು. “ಡಾಕ್ಟ್ರೇ, ಸೊಸೆಗೆ ಏಳು ತಿಂಗಳು. ಹುಟ್ಟೋ ಕೂಸಿಗೆ ಇದರಲ್ಲೊಂದು ಕೌದಿ ಹೊಲಿಯಬೇಕು ಅಂತಿದ್ದೀನಿ. ಅವಳು ಬೇಡ ಅಂತಾಳೆ. ಹಳೇ ಬಟ್ಟೇಲಿ ಕ್ರಿಮಿ ಇರ್ತಾವಂತೆ, ಅಂಗಡೀಲಿ ಒಳ್ಳೇದು ಸಿಗ್ತದಂತೆ. ನೀವೇ ಹೇಳಿ, ಯಾರದು ಸರಿ?” ಎಂದರು.

ಅತ್ತೆ ಸೊಸೆಯರ ನಡುವೆ ತೀರ್ಪು ಕೊಡುವ ವಿದ್ಯೆಯನ್ನು ನಮಗೆ ಯಾವ ವೈದ್ಯಕೀಯ ಕಾಲೇಜಿನಲ್ಲಿಯೂ ಕಲಿಸಿಲ್ಲ. ಆದರೂ ಪ್ರಶ್ನೆ ಆರೋಗ್ಯಕ್ಕೆ ಸಂಬಂಧಿಸಿದ್ದೇ ಆಗಿತ್ತು. ಮನೆಯವರ ಕೈಯಿಂದ ಮನೆಯವರಿಗಾಗಿ ತಯಾರಾಗುವ ಕೌದಿ, ಕುಲಾವಿ, ಕಾಲುಚೀಲ, ಬಟ್ಟೆಯ ಗೊಂಬೆ ಇವೆಲ್ಲ ಕೂಸಿನ ಮೈಗೆ ಔಷಧಿಗಿಂತ ಮೊದಲೇ ತಾಗುವ ವಸ್ತುಗಳು. ಅವುಗಳ ಕುರಿತು ನಾವು ರೋಗಿಗಳಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದುದನ್ನು ಈ ತಿಂಗಳು ಒಂದೆಡೆ ಬರೆಯುತ್ತಿದ್ದೇವೆ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಪ್ರಸಂಗವೂ ಬರುತ್ತದೆ.

ಹಳೆಯ ಬಟ್ಟೆ ಏಕೆ?

ನಮ್ಮ ಕಡೆಯ ಮನೆಗಳಲ್ಲಿ ಚೊಚ್ಚಲ ಕೂಸಿಗೆ ಹೊಸ ಬಟ್ಟೆ ತೊಡಿಸುವುದಕ್ಕಿಂತ ಮೊದಲು ಅಜ್ಜಿಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದುದನ್ನು ಹಿರಿಯರು ಬಲ್ಲರು. ಇದಕ್ಕೆ ಬಡತನವೊಂದೇ ಕಾರಣವಲ್ಲ. ಹೊಸ ಹತ್ತಿ ಬಟ್ಟೆಗೆ ಗಂಜಿ ಇರುತ್ತದೆ, ಬಣ್ಣ ಇನ್ನೂ ಬಿಡುತ್ತಿರುತ್ತದೆ, ಎಳೆಗಳು ಒರಟಾಗಿರುತ್ತವೆ. ನೂರು ಸಲ ಒಗೆದು ಬಿಸಿಲಿಗೆ ಹಾಕಿದ ಸೀರೆಯಲ್ಲಿ ಬಿಡುವ ಬಣ್ಣವೆಲ್ಲ ಬಿಟ್ಟುಹೋಗಿ, ನೂಲು ಮೃದುವಾಗಿ, ಬೆವರನ್ನು ಬೇಗ ಹೀರುವಂತಾಗಿರುತ್ತದೆ.

ಉತ್ತರ ಕರ್ನಾಟಕದಲ್ಲಿಯೂ ಮಲೆನಾಡಿನ ಸೆರಗಿನಲ್ಲಿಯೂ ಇಂಥ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಜೋಡಿಸಿ, ಓಟದ ಹೊಲಿಗೆಯಲ್ಲಿ ಸಾಲುಸಾಲಾಗಿ ಬಂಧಿಸಿದರೆ ಅದು ಕೌದಿ. ನೆರೆಯ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ತಾಯಂದಿರ ಕೌದಿಗಳು ಈಗ ದೇಶವಿದೇಶಗಳ ಪ್ರದರ್ಶನಗಳಿಗೆ ಹೋಗಿಬಂದಿವೆ. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ತ್ರಿಕೋನದ ಚಿಕ್ಕ ಮಡಿಕೆಗಳನ್ನಿಟ್ಟು ಅವನ್ನು ಹೂವೆನ್ನುತ್ತಾರೆ. ಶರಣರ ಕಾಲದಲ್ಲಿಯೂ ನೂಲುವ ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ ಇಂಥವರು ಬಟ್ಟೆಯ ಕೆಲಸದಿಂದಲೇ ಹೆಸರಾದವರೆಂಬುದು ನಮ್ಮ ಓದುಗರಿಗೆ ತಿಳಿದೇ ಇದೆ.

ಇನ್ನು ಸೊಸೆಯ ಆಕ್ಷೇಪ. ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಕೂಸಿನ ಹಾಸಿಗೆ ಹೊದಿಕೆಗಳ ವಿಚಾರ ಬರುತ್ತದೆ. ಅವು ಮೃದುವಾಗಿರಬೇಕು, ಹಗುರವಾಗಿರಬೇಕು, ಶುಚಿಯಾಗಿ ಸುವಾಸನೆಯಿಂದ ಕೂಡಿರಬೇಕು. ಬೆವರು, ಕೊಳೆ, ಕ್ರಿಮಿಗಳಿರುವಂಥವನ್ನೂ ಮಲಮೂತ್ರ ತಾಗಿದವನ್ನೂ ಬಿಡಬೇಕು. ಬೇರೆ ಬಟ್ಟೆ ಇಲ್ಲದಿದ್ದಲ್ಲಿ ಅವನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಪೂರ್ತಿ ಒಣಗಿಸಿ ಬಳಸಬಹುದು. ಅತ್ತೆಯ ಮಾತಿಗೂ ಸೊಸೆಯ ಮಾತಿಗೂ ಅಲ್ಲಿ ಜಾಗವಿದೆ. ಹಳತು ಬರಬಹುದು, ಕೊಳಕು ಬರಬಾರದು.

ಭದ್ರಾವತಿಯ ಆ ತಾಯಿಯವರಿಗೆ ನಾವು ಹೇಳಿದ್ದಿಷ್ಟು. ಎರಡು ಸೀರೆಗಳಲ್ಲಿ ಒಂದರ ಅಂಚಿನಿಂದ ಒಂದು ಎಳೆ ಕಿತ್ತು ಅಂಗಳದಲ್ಲಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಅದು ಪಾಲಿಯೆಸ್ಟರ್ ಅಥವಾ ನೈಲಾನ್. ಎರಡನೆಯದನ್ನು ಕೂಸಿನ ಕೌದಿಗೆ ಹಾಕಬಾರದು. ಅದು ಬೆವರು ಹೀರುವುದಿಲ್ಲ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕಿಡಿ ಬಿದ್ದರೆ ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಹತ್ತಿಯದನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಸೋಪು ಪೂರ್ತಿ ಹೋಗುವಂತೆ ಮೂರು ನೀರಿನಲ್ಲಿ ಜಾಲಿಸಿ, ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಕತ್ತರಿ ಹಾಕಿ. ಆಷಾಢದಲ್ಲಿ ನಮ್ಮೂರ ಬಟ್ಟೆ ಒಣಗುವುದೆಂದರೇನೆಂದು ಎಲ್ಲರಿಗೂ ಗೊತ್ತು. ಹಸಿ ಆರದ ಬಟ್ಟೆಯನ್ನು ಪದರದೊಳಗೆ ಸೇರಿಸಿ ಹೊಲಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ. ಹಾಗಾಗಿ ಮಳೆ ಹೊಳವಾಗುವ ತನಕ ಕಾಯುವುದೇ ಲೇಸು.

ಧೂಪದ ವಿಷಯದಲ್ಲಿ ಒಂದು ಮಾತು. ಬಜೆ, ಗುಗ್ಗುಳ, ಬಿಳಿ ಸಾಸಿವೆ, ಇಂಗು ಮುಂತಾದವುಗಳ ಧೂಪವನ್ನು ಚರಕರು ಹೇಳಿರುವುದು ವಸ್ತ್ರ, ಹಾಸಿಗೆ, ಹೊದಿಕೆಗಳಿಗೆ. ಕಾಶ್ಯಪಸಂಹಿತೆಯಲ್ಲಿ ಧೂಪಕ್ಕೇ ಒಂದು ಅಧ್ಯಾಯವಿದೆ. ನಮ್ಮ ಮನೆಗಳಲ್ಲಿ ಇದು ಹೇಗೋ ತಿರುಗಿ, ಸ್ನಾನ ಮಾಡಿಸಿದ ಕೂಸನ್ನೇ ಕೆಂಡದ ಹೊಗೆಯ ಮೇಲೆ ಹಿಡಿಯುವ ರೂಢಿಯಾಗಿದೆ. ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇದ್ದಿಲಿನ ಹೊಗೆ ಎಳೆಯ ಶ್ವಾಸಕೋಶಕ್ಕೆ ವಿಷವೇ ಸರಿ. ಬಟ್ಟೆಗೆ ಧೂಪ ಹಾಕುವುದಾದರೆ ಹೊರಗೆ ಪಡಸಾಲೆಯಲ್ಲಿ ಹಾಕಿ, ಗಾಳಿಗೆ ಕೊಡವಿ, ಒಳಗೆ ತನ್ನಿ.

ಒಂದು ರಾತ್ರಿಯ ಅಳು

ಈಗ ನಮ್ಮ ತಪ್ಪು. ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಕೂಸಿಗೆ ಎರಡೂವರೆ ತಿಂಗಳು. ಮಾರ್ಗಶಿರದ ಚಳಿ. ನಮ್ಮ ಮನೆಯವರು ಗಾಂಧಿ ಬಜಾರಿನಿಂದ ಉಣ್ಣೆಯ ದಾರವನ್ನೂ ಮೆತ್ತನೆಯ ಫ್ಲಾನಲ್ ಬಟ್ಟೆಯನ್ನೂ ತಂದು ಒಂದು ಜೊತೆ ಕಾಲುಚೀಲ, ಒಂದು ಜೊತೆ ಕೈಚೀಲ ಹೊಲಿದರು. ಹೊರಮೈಗೆ ಹಳದಿ ದಾರದಲ್ಲಿ ಪುಟ್ಟ ಹೂಗಳು. ನೋಡಿದವರೆಲ್ಲ ಹೊಗಳಿದರು, ನಾವೂ ಹೊಗಳಿದೆವು.

ಮೂರನೆಯ ರಾತ್ರಿ ಕೂಸು ಅಳತೊಡಗಿತು. ಎತ್ತಿಕೊಂಡರೂ ನಿಲ್ಲದು, ಹಾಲಿಗೆ ಹಚ್ಚಿದರೂ ನಿಲ್ಲದು. ಹೊಟ್ಟೆ ಮುಟ್ಟಿ ನೋಡಿದೆವು, ತುಸು ಉಬ್ಬರಿಸಿದಂತೆ ಇತ್ತು. ಅತ್ತು ಅತ್ತು ಗಾಳಿ ನುಂಗಿದರೆ ಯಾವ ಕೂಸಿನ ಹೊಟ್ಟೆಯೂ ಉಬ್ಬರಿಸುತ್ತದೆ ಎಂಬುದು ಆಗ ನಮಗೆ ಹೊಳೆಯಲಿಲ್ಲ. ವಾಯುವೆಂದು ನಿರ್ಧರಿಸಿ ಇಂಗನ್ನು ತೇಯ್ದು ಹೊಕ್ಕುಳ ಸುತ್ತ ಹಚ್ಚಿದೆವು. ಮಗಳಿಗೆ ಓಮದ ಕಷಾಯ ಕುಡಿಸಿದೆವು. ಮಧ್ಯಾಹ್ನ ಅವಳು ತಿಂದ ಅವರೆಕಾಳಿನ ಮೇಲೆ ತಪ್ಪು ಹೊರಿಸಿ ನಾಲ್ಕು ಮಾತನ್ನೂ ಆಡಿದೆವು. ಬೆಳಗಿನ ಜಾವಕ್ಕೆ ಕೂಸು ದಣಿದು ಬಿಕ್ಕುತ್ತಿತ್ತು.

ಏಳು ಗಂಟೆಗೆ ಕೂಸಿಗೆ ನೀರು ಹಾಕುವ ಅಜ್ಜಿ ಬಂದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಲು ಚಾಚಿ ಕುಳಿತು, ಕೂಸಿನ ಬಟ್ಟೆ ಬಿಚ್ಚಿ, ಕಾಲುಚೀಲ ಎಳೆದವರೇ “ಅಯ್ಯೋ ಶಿವನೇ, ಇಲ್ಲಿ ನೋಡ್ರೋ” ಎಂದು ಕೂಗಿದರು. ಎಡಗಾಲಿನ ಮೂರನೆಯ ಬೆರಳು ಹಣ್ಣಾದ ನೇರಳೆಯಂತೆ ಊದಿ ನೀಲಿಗಟ್ಟಿತ್ತು. ಬುಡದಲ್ಲಿ ಒಂದು ಗೀರು. ಕಾಲುಚೀಲದ ಒಳಗೆ, ಆ ಹಳದಿ ಹೂಗಳ ಹಿಂಬದಿಯಲ್ಲಿ, ಗಂಟು ಹಾಕಿ ಕತ್ತರಿಸದೆ ಬಿಟ್ಟ ದಾರದ ಕುಣಿಕೆ. ಕೂಸು ಕಾಲಾಡಿಸಿದಂತೆಲ್ಲ ಅದು ಬೆರಳಿಗೆ ಸುತ್ತಿ ಬಿಗಿದಿತ್ತು.

ಮಕ್ಕಳ ವೈದ್ಯರಲ್ಲಿಗೆ ಓಡಿದೆವು. ಅವರು ಭೂತಗನ್ನಡಿ ಹಿಡಿದು, ಊತದಲ್ಲಿ ಹೂತುಹೋಗಿದ್ದ ಎಳೆಯನ್ನು ಸಣ್ಣ ಕತ್ತರಿಯಿಂದ ತುಂಡರಿಸಿದರು. ಅರ್ಧ ಗಂಟೆಯಲ್ಲಿ ಬಣ್ಣ ತಿರುಗಿತು. ಇನ್ನೂ ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದು ಅವರು ಹೇಳಲಿಲ್ಲ, ನಮಗೆ ಗೊತ್ತಿತ್ತು. ಆ ಹೊತ್ತಿಗೆ ನಾವು ವೈದ್ಯವೃತ್ತಿಗೆ ಬಂದು ಮೂವತ್ತು ವರ್ಷ ಮೀರಿತ್ತು. ಅಳುವ ಕೂಸನ್ನು ಅಡಿಯಿಂದ ಮುಡಿಯವರೆಗೆ ಬಿಚ್ಚಿ ನೋಡದೆ ಔಷಧಿ ಹೇಳಿದ್ದೆವು.

ದಾರದಂತೆಯೇ ತಾಯಿಯ ತಲೆಗೂದಲೂ ಹೀಗೆ ಸುತ್ತುವುದುಂಟು. ಹೆರಿಗೆಯಾದ ಮೂರು ನಾಲ್ಕು ತಿಂಗಳಲ್ಲಿ ತಾಯಂದಿರ ಕೂದಲು ಹೆಚ್ಚು ಉದುರುತ್ತದೆ. ಕಾಲುಚೀಲ, ಕೈಚೀಲ, ಲಂಗೋಟಿಗಳಲ್ಲಿ ಸಿಕ್ಕಿಕೊಂಡು ಕಾಲ್ಬೆರಳು, ಕೈಬೆರಳು, ಗಂಡುಕೂಸಿನ ಶಿಶ್ನಕ್ಕೂ ಸುತ್ತಬಹುದು. ಮೊದಲು ರಕ್ತ ಹಿಂದಿರುಗುವ ಸಿರೆ ಮುಚ್ಚುತ್ತದೆ, ಅಂಗ ಊದುತ್ತದೆ, ಊದಿದಷ್ಟೂ ದಾರ ಬಿಗಿಯುತ್ತದೆ, ಕೊನೆಗೆ ರಕ್ತ ಬರುವ ದಾರಿಯೂ ಮುಚ್ಚುತ್ತದೆ. ಕಾರಣ ತಿಳಿಯದೆ ಕೂಸು ಒಂದೇ ಸಮನೆ ಅತ್ತರೆ ಎಲ್ಲ ಬಟ್ಟೆ ಬಿಚ್ಚಿ ಇಪ್ಪತ್ತು ಬೆರಳುಗಳನ್ನೂ ಎಣಿಸಿ ನೋಡಬೇಕು. ಎಳೆ ಕಂಡು ಸುಲಭವಾಗಿ ಬಂದರೆ ತೆಗೆಯಬಹುದು; ಊದಿ ಹೂತಿದ್ದರೆ ಮನೆಯಲ್ಲಿ ಬ್ಲೇಡು ಹಿಡಿಯದೆ ಆಸ್ಪತ್ರೆಗೆ ಒಯ್ಯಬೇಕು.

ಹೊಲಿಯುವವರು ಮಾಡಬೇಕಾದುದು ಸರಳ. ಕೂಸಿನ ಕೈಕಾಲುಚೀಲಗಳ ಒಳಗೆ ಕಸೂತಿಯ ಹಿಂಬದಿ ತಾಗದಂತೆ ಮೆತ್ತನೆಯ ಬಟ್ಟೆಯ ಒಳಪದರ ಕೊಡಬೇಕು. ಇಲ್ಲವೆ ಹೊಲಿಗೆಯ ಅಂಚು ಹೊರಬದಿಗೇ ಬರುವಂತೆ ಹೊಲಿಯಬೇಕು, ಚೆಂದ ತುಸು ಕಡಿಮೆಯಾದರೂ ಆಗಲಿ. ಪ್ರತಿ ಒಗೆತದ ನಂತರ ಒಳಮೈ ತಿರುವಿ, ಬೆರಳು ತೂರಿಸಿ ಸಡಿಲ ಎಳೆಗಳನ್ನು ಕತ್ತರಿಸಬೇಕು. ನಮ್ಮ ಮನೆಯವರು ಆಮೇಲೆ ಕೈಚೀಲ ಹೊಲಿಯುವುದನ್ನೇ ಬಿಟ್ಟರು. ಕೂಸಿನ ಕೈ ಬರಿದಾಗಿದ್ದರೇ ಒಳ್ಳೆಯದು, ಅದು ಲೋಕವನ್ನು ಮೊದಲು ಮುಟ್ಟಿ ತಿಳಿಯುವುದು ಕೈಯಿಂದಲೇ. ಉಗುರು ಕತ್ತರಿಸಿದರೆ ಸಾಕು.

ಕುಲಾವಿ, ಕುಂಚಿಗೆಗಳ ಗದ್ದದ ಕೆಳಗಿನ ಲಾಡಿಯ ಬಗೆಗೂ ಇದೇ ಎಚ್ಚರ. ಎತ್ತಿಕೊಂಡು ತಿರುಗಾಡುವಾಗ ಕಟ್ಟಿ, ಮಲಗಿಸುವಾಗ ಬಿಚ್ಚಿ. ಕೂಸಿನ ಕೊರಳಲ್ಲಿ ಯಾವ ದಾರವೇ ಇರಲಿ, ಕರಿದಾರವಾಗಲಿ, ತಾಯಿತವಾಗಲಿ, ಎಷ್ಟೇ ಭಕ್ತಿಯಿಂದ ಹಾಕಿದ್ದಾಗಲಿ, ತೊಟ್ಟಿಲಿಗೆ ಹಾಕುವ ಮೊದಲು ತೆಗೆದು ದೇವರ ಜಗುಲಿಯಲ್ಲಿಡಿ. ಮಠದ ಪತ್ರಿಕೆಯಲ್ಲಿ ಇದನ್ನು ಬರೆಯಲು ನಮಗೆ ಸಂಕೋಚವಿಲ್ಲ.

ಕೌದಿಯನ್ನು ಕೂಸಿನ ಕೆಳಗೆ ಹಾಸಿ. ಒಂದು ವರ್ಷ ತುಂಬುವ ತನಕ ಮಲಗಿದ ಕೂಸಿನ ಮೇಲೆ ಸಡಿಲವಾಗಿ ಹೊದಿಸಬೇಡಿ. ಕೂಸು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳಬಲ್ಲದು, ಸರಿಸಲಾರದು. ಉಸಿರು ಕಟ್ಟಿ, ಮೈ ಮಿತಿಮೀರಿ ಕಾಯ್ದು ನಿದ್ದೆಯಲ್ಲಿಯೇ ಸಾಯುವ ಶಿಶುಗಳ ಬಗ್ಗೆ ಮಕ್ಕಳ ವೈದ್ಯರು ಜಗತ್ತಿನಾದ್ಯಂತ ಎಚ್ಚರಿಸುತ್ತಿದ್ದಾರೆ. ಚಳಿಗೆ ತೋಳಿರುವ ಅಂಗಿ ಒಂದರ ಮೇಲೊಂದು ತೊಡಿಸಿ, ಬೆನ್ನ ಮೇಲೆ ಮಲಗಿಸಿ. ಹಾಸುವ ಕೌದಿಗೂ ಎರಡು ಮೂರು ಪದರ ಸಾಕು, ಹತ್ತಿ ತುಂಬಿ ಮೆತ್ತಗೆ ಮಾಡುವುದು ಬೇಡ. ತಲೆ ದುಂಡಗಾಗಲೆಂದು ಸಾಸಿವೆಯನ್ನೋ ರಾಗಿಯನ್ನೋ ತುಂಬಿ ಹೊಲಿಯುವ ದಿಂಬೂ ಬೇಡ. ಮಲೆನಾಡಿನ ಹಸಿಗೆ ಕಾಳು ಹುಳ ಹಿಡಿಯುತ್ತದೆ. ಹೊಲಿಗೆ ಬಿಟ್ಟರೆ ಸಾಸಿವೆಕಾಳು ಕೂಸಿನ ಮೂಗಿನ ಹತ್ತಿರವೇ ಇರುತ್ತದೆ.

ಆಟಿಕೆಗೆ ಚರಕರ ಅಳತೆ

ಹಾಸಿಗೆಯ ಮಾತಿನ ಬೆನ್ನಿಗೇ ಚರಕರು ಆಟಿಕೆಗಳ ಮಾತನ್ನೆತ್ತುತ್ತಾರೆ. ಬಗೆಬಗೆಯ ಬಣ್ಣ ರೂಪಗಳಿರಲಿ, ಸದ್ದು ಮಾಡಲಿ, ನೋಡಲು ಚೆಂದವಿರಲಿ. ಆದರೆ ಭಾರವಿರಬಾರದು, ಚೂಪು ತುದಿ ಇರಬಾರದು, ಬಾಯೊಳಗೆ ಹೋಗುವಂತಿರಬಾರದು, ಜೀವಕ್ಕೆ ಎರವಾಗಬಾರದು, ಕೂಸನ್ನು ಹೆದರಿಸಬಾರದು. ಎರಡು ಸಾವಿರ ವರ್ಷಗಳಷ್ಟು ಹಳೆಯ ಪರಂಪರೆಯ ಈ ಮಾತುಗಳನ್ನು ಇಂದು ಯಾವ ದೇಶದ ಆಟಿಕೆ ಕಾನೂನಿನ ಪಕ್ಕದಲ್ಲಿಟ್ಟರೂ ಕಡಿಮೆಯಾಗುವುದಿಲ್ಲ.

ಬಾಯೊಳಗೆ ಹೋಗದಿರುವುದೆಂದರೆ ಎಷ್ಟು ದೊಡ್ಡದು? ಈಗಿನ ಅಳತೆಯಲ್ಲಿ ಸುಮಾರು 32 ಮಿಲಿಮೀಟರ್, ಅಂದರೆ ಒಂದೂಕಾಲು ಅಂಗುಲ ಅಗಲದ ಕೊಳವೆಯೊಳಗೆ ಇಳಿಯುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು. ಹಳೆಯ ಫೋಟೋ ರೀಲಿನ ಪುಟ್ಟ ಡಬ್ಬಿ ಯಾರ ಮನೆಯ ಕಪಾಟಿನಲ್ಲಾದರೂ ಉಳಿದಿದ್ದರೆ ಹೆಚ್ಚುಕಡಿಮೆ ಅಷ್ಟೇ ಅಗಲ. ಬಟ್ಟೆ ಗೊಂಬೆಯ ಗುಂಡಿಯ ಕಣ್ಣು, ಕುಲಾವಿಯ ಕನ್ನಡಿ ಚೂರು, ಮಣಿ, ಗೆಜ್ಜೆ ಎಲ್ಲವೂ ಅದರೊಳಗೆ ಇಳಿಯುತ್ತವೆ. ಗೊಂಬೆಗೆ ಕಣ್ಣು ಮೂಗುಗಳನ್ನು ದಾರದಲ್ಲಿಯೇ ಹೊಲಿಯಿರಿ. ಬಜೆಯ ತುಂಡುಗಳನ್ನು ಪೋಣಿಸಿ ಕೈಗೆ ಕಟ್ಟುವ ಬಳೆಯನ್ನು ಕೂಸು ಕಡಿದು ವಾಂತಿ ಮಾಡಿಕೊಂಡು ಬಂದುದನ್ನು ನಾವು ಕಂಡಿದ್ದೇವೆ. ಬಜೆ ಔಷಧಿ ಹೌದು, ಆದರೆ ಪ್ರಮಾಣ ತಿಳಿಯದೆ ಚೀಪುವ ವಸ್ತುವಲ್ಲ.

ಸದ್ದಿಗಾಗಿ ಗೊಂಬೆಯ ಹೊಟ್ಟೆಯಲ್ಲಿ ಹಾಡು ಹೇಳುವ ಯಂತ್ರವನ್ನಿಟ್ಟು ಹೊಲಿಯುವುದು ಈಗಿನ ಹೊಸ ಹವ್ಯಾಸ. ಅದರೊಳಗಿನ ನಾಣ್ಯದಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೋಡೆಯನ್ನು ಸುಡಬಲ್ಲದು. ನುಂಗಿದೆಯೆಂಬ ಅನುಮಾನವಿದ್ದರೂ ಸಾಕು. ವಾಂತಿ ಮಾಡಿಸದೆ, ಬಾಳೆಹಣ್ಣು ತಿನ್ನಿಸದೆ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಬಟ್ಟೆಯ ಜೊತೆಗೆ ಬೇರೆ ಬೇರೆ ವಸ್ತುಗಳನ್ನು ಸೇರಿಸಿ ಉಡುಗೊರೆ ಮಾಡುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳುಪಿನಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಚಿತ್ತಾರದ ಮುಂದೆ ಪೇಟೆಯ ಉಡುಗೊರೆಗಳು ಪೇಲವ. ಅಲ್ಲಿನ ಬಣ್ಣಗಳೆಲ್ಲ ಅಡುಗೆಮನೆ ಹಾಗೂ ಹಿತ್ತಿಲಿನವು. ನಗರದ ನಾವು ಅಟ್ಟದ ಮೇಲಿನ ಹಳೆಯ ಎನಾಮಲ್ ಡಬ್ಬಿಯನ್ನು ಕೆಳಗಿಳಿಸುತ್ತೇವೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಎಷ್ಟಿದೆಯೋ ಬಲ್ಲವರಾರು? ಮಗು ಚೀಪುವ ಮರದ ಗಿಲಕಿಗೆ, ತೊಟ್ಟಿಲಿನ ಹಲಗೆಗೆ ಅದನ್ನು ಬಳಿಯಬೇಡಿ. ಗೋಂದು, ಮಿನುಗುಪುಡಿ ಹಾಕಿದ ಚಿತ್ರಪಟ, ಭತ್ತದ ತೆನೆಯ ತೋರಣ ಇವೆಲ್ಲ ಗೋಡೆಗೆ ಒಪ್ಪುತ್ತವೆ, ತೊಟ್ಟಿಲಿಗಲ್ಲ.

ಹೊಲಿಯುವ ಕೈಗಳು

ಕೂಸಿನ ಮಾತು ಸಾಕು, ಹೊಲಿಯುವವರತ್ತ ಬರೋಣ. ಭದ್ರಾವತಿಯ ತಾಯಿಯವರು ತಂದ ಖಾಕಿ ಅಂಗಿ ಅವರ ಯಜಮಾನರದು. ಬೆಂಕಿಪುರವೆಂದು ಕರೆಯುತ್ತಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಕಾಗದದ ಕಾರ್ಖಾನೆಯ ಸಂಸ್ಥೆಯೂ ಹುಟ್ಟಿದ ಮೇಲೆ ಖಾಕಿ ಅಂಗಿ ಒಗೆಯದ ಮನೆಗಳೇ ಅಲ್ಲಿ ಕಡಿಮೆ. ಇವರ ಯಜಮಾನರು ತೀರಿಕೊಂಡು ಎರಡು ವರ್ಷ. ಅಂದಿನಿಂದ ನಿದ್ದೆ ಸರಿಯಿಲ್ಲ, ಊಟ ಸೇರದು; ಅಂಗಿಯನ್ನು ಮಾತ್ರ ಟ್ರಂಕಿನಲ್ಲಿಟ್ಟು ಆಗಾಗ ತೆಗೆದು ಮಡಿಸುತ್ತಿದ್ದರಂತೆ. ಕೌದಿಯ ಪ್ರಶ್ನೆಯೊಳಗೆ ಇದೂ ಇತ್ತೆಂದು ನಮಗೆ ತಿಳಿದದ್ದು ಎರಡನೆಯ ಭೇಟಿಯಲ್ಲಿ.

ಸೊಸೆಗೆ ನಿಜವಾಗಿ ಬೇಡವಾಗಿದ್ದುದು ಸೀರೆಗಳಲ್ಲ, ಆ ಖಾಕಿ. ಎಣ್ಣೆ, ಕಬ್ಬಿಣದ ಪುಡಿ ಕುಡಿದ ಬಟ್ಟೆ ಎಷ್ಟು ಒಗೆದರೂ ಕೂಸಿನ ಚರ್ಮಕ್ಕೆ ಆಗದು ಎಂಬುದು ಆಕೆಯ ಭಯ. ಅದು ಸರಿಯೇ. ಖಾಕಿ ದಪ್ಪ, ಒರಟು, ಕೂಸಿಗೆ ಒಗ್ಗದು. ಕೂಸಿನ ಕೌದಿಗೆ ಸೀರೆಗಳು, ಖಾಕಿಯಿಂದ ಕೌದಿ ಇಡುವ ಚೀಲ ಎಂದು ನಾವು ಸೂಚಿಸಿದೆವು. ಇಬ್ಬರೂ ಒಪ್ಪಿದರು.

ಶ್ರಾವಣದಲ್ಲಿ ಮಳೆ ಹೊಳವಾದ ದಿನಗಳಲ್ಲಿ ಅವರು ಹೊಲಿಗೆಗೆ ಕುಳಿತರು. ದಿನಕ್ಕೆ ಎರಡು ಸಾಲು, ಮೂರು ಸಾಲು. ಲಯ ಹಿಡಿದು ಓಡುವ ಹೊಲಿಗೆಯಲ್ಲಿ ಉಸಿರು ತಾನೇ ನಿಧಾನವಾಗುತ್ತದೆ, ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ. ಸಂಜೆ ಬೆಳಕು ಹೋದ ಮೇಲೆ ಹಸಿವಾಗತೊಡಗಿತು ಎಂದು ಅವರೇ ಹೇಳಿದರು. ಆದರೆ ಕೌದಿಯೇ ಔಷಧವೆಂದು ನಾವು ಬರೆದುಕೊಡಲಾರೆವು. ದುಃಖ ಖಿನ್ನತೆಯಾಗಿ ತಿರುಗಿ ವಾರಗಟ್ಟಲೆ ನಿದ್ದೆ, ಊಟ, ಬದುಕುವ ಇಚ್ಛೆ ಹೋಗಿದ್ದರೆ ಸೂಜಿದಾರದಿಂದ ಆಗುವ ಕೆಲಸವಲ್ಲ, ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಮೂರನೆಯ ಭೇಟಿಯಲ್ಲಿ ಅವರ ಎಡಗೈ ತೋರುಬೆರಳ ತುದಿಯಲ್ಲಿ ಕಪ್ಪು ಚುಕ್ಕೆಗಳ ಗುಂಪನ್ನೂ ಪಕ್ಕದಲ್ಲಿ ಕೀವು ಕಟ್ಟಿದ ಒಂದು ಗಾಯವನ್ನೂ ಕಂಡೆವು. “ಚುಚ್ಚಿದ್ದು ಗೊತ್ತೇ ಆಗ್ಲಿಲ್ಲ ಡಾಕ್ಟ್ರೇ” ಎಂದರು. ಸೂಜಿ ಚುಚ್ಚಿದರೆ ಗೊತ್ತಾಗದಿರುವುದೇ ರೋಗ. ಹನ್ನೆರಡು ವರ್ಷಗಳ ಮಧುಮೇಹ ಬೆರಳ ತುದಿಯ ಸ್ಪರ್ಶವನ್ನು ತಿಂದುಹಾಕಿತ್ತು. ಪಾದಗಳನ್ನೂ ಪರೀಕ್ಷಿಸಿದೆವು, ಅಲ್ಲಿಯೂ ಅದೇ. ಕೌದಿ ಹೊಲಿಯದೆ ಇದ್ದಿದ್ದರೆ ಇದು ಇನ್ನೆಷ್ಟು ದಿನ ತಿಳಿಯದೆ ಉಳಿಯುತ್ತಿತ್ತೋ! ರಕ್ತಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣ ಸರಿಪಡಿಸಲು ಅವರ ವೈದ್ಯರಲ್ಲಿಗೆ ಕಳುಹಿಸಿದೆವು. ಮಧುಮೇಹವಿರುವವರು ದರ್ಜಿಗಳು ಬೆರಳಿಗೆ ಹಾಕುವ ಲೋಹದ ಟೊಪ್ಪಿಯಿಲ್ಲದೆ ದಬ್ಬಣ ಹಿಡಿಯಬಾರದು. ಬರಿಗಾಲಿನಲ್ಲಿ ಸೂಜಿ ಬಿದ್ದ ನೆಲದ ಮೇಲೆ ಓಡಾಡಬಾರದು. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ಎಂದು ನೋಡಿಕೊಳ್ಳಬೇಕು. ತುಕ್ಕಿಲ್ಲದ ಸೂಜಿಯಿಂದಲೂ ಅದು ಬರಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇವೆ. ನೆಲದ ಮೇಲೆ ಕೌದಿ ಹರಡಿ ಬಗ್ಗಿ ಹೊಲಿದರೆ ಸೊಂಟ ಹಿಡಿಯುತ್ತದೆ, ಮಂಚದ ಮೇಲೆ ಹರಡಿ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು, ಕಿಟಕಿಯಾಚೆ ದೂರದ ಮರವನ್ನು ನೋಡಿ. ಇಳಿವಯಸ್ಸಿನಲ್ಲಿ ವಾತ ಹೆಚ್ಚುವುದರಿಂದ ಬೆರಳಿನ ಸಂದುಗಳು ಬಿಗಿಯುತ್ತವೆ. ಹೊಲಿಗೆಯ ನಂತರ ಬಿಸಿ ಎಳ್ಳೆಣ್ಣೆಯನ್ನು ಅಂಗೈ, ಮಣಿಕಟ್ಟುಗಳಿಗೆ ತಿಕ್ಕಿ, ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿಡಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿದೆ ಎಂದರ್ಥ, ಎಣ್ಣೆಯನ್ನೇ ನಂಬಿ ಕೂರಬೇಡಿ. ಕಣ್ಣಿನ ಪೊರೆ ತೆಗೆಸಿದವರು ಹೊಸ ಕನ್ನಡಕ ಬರುವ ತನಕ ಸೂಜಿ ಮುಟ್ಟದಿರುವುದು ಕ್ಷೇಮ. ಮೊದಲಿಗೆ ಎಷ್ಟು ಸೂಜಿ ತೆಗೆದಿರೋ ಎಣಿಸಿ, ಎದ್ದಾಗ ಅಷ್ಟೇ ಇವೆಯೇ ಎಂದು ಎಣಿಸಿ. ಮುಗಿದ ಕೌದಿಯ ಮೇಲೆ ಒಂದು ಬಲವಾದ ಅಯಸ್ಕಾಂತವನ್ನು ಆಡಿಸಿದರೆ ಒಳಗೆ ಉಳಿದ ಗುಂಡುಪಿನ್ನು ಸಿಕ್ಕಿಬೀಳುತ್ತದೆ.

ಅಜ್ಜನ ತೊಡೆಯ ಮೇಲೆ

ಮನೆಯ ಉಡುಗೊರೆಗಳು ಯಾವಾಗಲೂ ಹಿರಿಯರಿಂದ ಕಿರಿಯರಿಗೇ ಹೋಗಬೇಕೆಂದಿಲ್ಲ. ಶಿವಮೊಗ್ಗದ ದುರ್ಗಿಗುಡಿಯ ಕಡೆಯ ಒಂದು ಮನೆಯಲ್ಲಿ 80 ದಾಟಿದ ನಿವೃತ್ತ ಗುಮಾಸ್ತರಿದ್ದಾರೆ. ಮರೆವಿನ ರೋಗ. ಮಗನ ಹೆಸರು ನೆನಪಿಲ್ಲ, ಕೈಗಳು ಮಾತ್ರ ಸುಮ್ಮನಿರವು. ಪಂಚೆಯ ಅಂಚು ಹಿಂಜುವುದು, ಅಂಗಿಯ ಗುಂಡಿ ಕೀಳುವುದು, ಮೈಯನ್ನೇ ಕೆರೆದುಕೊಂಡು ಗಾಯ ಮಾಡಿಕೊಳ್ಳುವುದು. ಮನೆಯವರು ಕೈ ಕಟ್ಟುವ ಮಾತನ್ನೂ ಆಡಿದ್ದರು.

ಇಂಥವರಿಗಾಗಿ ವಿದೇಶಗಳ ವೃದ್ಧಾಶ್ರಮಗಳಲ್ಲಿ ತೊಡೆಯ ಮೇಲೆ ಹಾಸುವ ಪುಟ್ಟ ಕೌದಿಗಳನ್ನು ಹೊಲಿದುಕೊಡುವ ರೂಢಿಯಿದೆ: ಒಂದು ಜಿಪ್ಪು, ಒಂದು ಜೇಬು, ಹಾಕಿ ತೆಗೆಯಲು ಗುಂಡಿ ಕಾಜು, ಒರಟು ನುಣುಪು ಬಟ್ಟೆಗಳು. ಬೆರಳುಗಳಿಗೆ ಕೆಲಸ ಸಿಕ್ಕರೆ ಚಡಪಡಿಕೆ ತಗ್ಗುತ್ತದೆ. ಇದನ್ನು ಅವರ ಕಾಲೇಜು ಓದುವ ಮೊಮ್ಮಗಳಿಗೆ ಹೇಳಿದೆವು. ಗುಂಡಿಗಳು ದೊಡ್ಡವಿರಲಿ, ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಹೊಲಿದಿರಲಿ, ಏಕೆಂದರೆ ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದು ಮತ್ತೆ ಬಾಯಿಗೇ ಹೋಗುತ್ತದೆ, ಉದ್ದ ಲಾಡಿ ಬೇಡ, ಒಗೆಯಲು ಬರುವಂತಿರಲಿ, ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡು ಎಂದೆವು.

ಆಕೆ ಅಜ್ಜನ ಹಳೆಯ ಕೋಟಿನ ಜೇಬನ್ನು ಹಾಗೆಯೇ ಕತ್ತರಿಸಿ ನಡುವಿಗಿಟ್ಟು, ಸುತ್ತ ಅಜ್ಜಿಯ ಸೀರೆಯ ತೇಪೆ ಕೊಟ್ಟು, ಕೈಚೀಲದ ದಪ್ಪ ಜಿಪ್ಪನ್ನು ಹಚ್ಚಿ ಹೊಲಿದಳು. ಎಲ್ಲ ಹೇಳಿದಂತೆಯೇ ಮಾಡಿದಳು, ಕೊನೆಯದೊಂದನ್ನು ಬಿಟ್ಟು. ಅಂಚಿಗೆ ಹಾಕಿದ ಹೊಸ ಕೆಂಪು ಬಟ್ಟೆ ಮೊದಲ ದಿನವೇ ಬಣ್ಣ ಬಿಟ್ಟು ಅಜ್ಜನ ಬಿಳಿ ಪಂಚೆಯೆಲ್ಲ ಕೆಂಪಾಯಿತು. ಅಜ್ಜಿ ಬೈದು ಅದನ್ನು ಒಗೆಯಲು ಒಯ್ಯಹೋದರೆ ಅಜ್ಜ ಬಿಡಲೊಲ್ಲರು. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, “ಆಫೀಸಿಗೆ ಹೊತ್ತಾಯಿತು, ಬಿಡೇ” ಎಂದರಂತೆ. ಈಗ ಎರಡನೆಯದೊಂದು ತಯಾರಾಗುತ್ತಿದೆ, ಒಂದು ಒಗೆಯಲು ಹೋದಾಗ ಇನ್ನೊಂದು ಇರಲೆಂದು.